ತಾಂಡಾದ ನಾಯಕ, ಊರಿನ ಗೌಡ: ಸಂಡೂರು ಪರಿಸರದ ಎರಡು ಯಜಮಾನಿಕೆಗಳು

ಬುಡಕಟ್ಟು ಮೂಲದ ಸಮುದಾಯಗಳ ನಾಯಕತ್ವವನ್ನು ಕುರಿತ ಬರಹಗಳಲ್ಲಿ ಎರಡು ಧೋರಣೆಗಳು ಪದೇ ಪದೇ ಎದುರಾಗುತ್ತವೆ. ಸಾಂಪ್ರದಾಯಿಕ ಯಜಮಾನಿಕೆಯನ್ನು ಪಳೆಯುಳಿಕೆಯೆಂದು ದಾಖಲಿಸಿ ಮುಂದೆ ಸಾಗುವುದು ಒಂದು; ಸಮತೆಯ ಆದರ್ಶವೆಂದು ಅದನ್ನು ಕೊಂಡಾಡುವುದು ಇನ್ನೊಂದು. ಸಂಡೂರು ತಾಲ್ಲೂಕಿನ ಲಂಬಾಣಿ ತಾಂಡಾಗಳನ್ನು ಅರಿಯಲು ಇವೆರಡೂ ಸಾಲವು.

ತಾಂಡಾದ ಅಧಿಕಾರ ನಾಯಕ, ಕಾರಭಾರಿ, ಡಾವೋ ಎಂಬ ಸ್ಥಾನಗಳಲ್ಲಿ ಹಂಚಿಕೆಯಾಗಿದೆ. ನಾಯಕನ ಪದವಿ ಬಹುಮಟ್ಟಿಗೆ ವಂಶಪಾರಂಪರ್ಯವಾದುದು. ಆದರೆ ನ್ಯಾಯ ತೀರ್ಮಾನವಾಗುವುದು ಹಿರಿಯರು ಕೂಡುವ ನಸಾಬಿನಲ್ಲಿ. ಎತ್ತುಗಳ ಮೇಲೆ ದವಸ, ಉಪ್ಪು ಹೇರಿಕೊಂಡು ಸಾಗುತ್ತಿದ್ದ ಕಾಲದಲ್ಲಿ ದಾರಿ, ನೀರು, ಬೀಡುಗಳ ಹೊಣೆ ಹೊತ್ತವನೇ ನಾಯಕ. ಅವನ ಯಜಮಾನಿಕೆ ಜನರ ಮೇಲಿನದೇ ಹೊರತು ನೆಲದ ಮೇಲಿನದಲ್ಲ. (ಪಡೆ ಸಾಕಲು ನೆಲ ಪಡೆದ ವಿಜಯನಗರದ ಅಮರನಾಯಕನಿಗೂ ಇವನಿಗೂ ಸಮಾನವಾದುದು ಹೆಸರು ಮಾತ್ರ.) ಊರಿನ ಗೌಡ, ಶಾನುಭೋಗರ ಅಧಿಕಾರವಾದರೋ ಕಂದಾಯ ಮತ್ತು ಲೆಕ್ಕದ ಕಡತಗಳಿಂದ ಹುಟ್ಟಿದುದು. ಆದ್ದರಿಂದಲೇ ಅದನ್ನು ತೆಗೆದುಹಾಕಲು ಸರ್ಕಾರಕ್ಕೆ 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆ ಬೇಕಾಯಿತು. ತಾಂಡಾದ ನಾಯಕನಿಗೆ ಅಂಥ ಕಾಯಿದೆಯ ಅಗತ್ಯವೇ ಬೀಳಲಿಲ್ಲ. ಕಡತದಲ್ಲಿ ಇಲ್ಲದವನನ್ನು ರದ್ದುಪಡಿಸುವುದೆಂತು?

ಈ ಅಗೋಚರತೆಯ ಬೆಲೆಯನ್ನು ತೆತ್ತವರು ತಾಂಡಾದ ಜನ. ಅನೇಕ ತಾಂಡಾಗಳು ಕಂದಾಯ ಗ್ರಾಮಗಳೆನಿಸದೆ ಉಳಿದುದರಿಂದ ನಿವಾಸಿಗಳಿಗೆ ತಮ್ಮ ಮನೆಯ ಅಡಿಯ ನೆಲಕ್ಕೂ ಹಕ್ಕುಪತ್ರವಿರಲಿಲ್ಲ. ಖಾಸಗಿ ಜಮೀನಿನಲ್ಲಿ ನೆಲೆಸಿದ್ದವರಿಗೆ ಭೂಸುಧಾರಣಾ ಕಾಯಿದೆಯ 2016ರ ತಿದ್ದುಪಡಿ ಇದಕ್ಕೊಂದು ದಾರಿ ತೆರೆಯಿತು. ಆದರೆ ಹಕ್ಕುಪತ್ರದ ವ್ಯವಹಾರ ನಡೆಯುವುದು ತಾಲ್ಲೂಕು ಕಚೇರಿಯಲ್ಲಿ. ಅಲ್ಲಿ ನಸಾಬಿನ ಮಾತಿಗಿಂತ ಅರ್ಜಿ ಬರೆಯಬಲ್ಲವನ, ಅಧಿಕಾರಿಯನ್ನು ಕಾಣಬಲ್ಲವನ ಮಾತಿಗೆ ತೂಕ ಹೆಚ್ಚು. ಹೀಗೆ ಮಧ್ಯಸ್ಥಿಕೆಯೇ ನಾಯಕತ್ವವಾಗುವುದನ್ನು 'ಆಧುನೀಕರಣ' ಎಂದು ಕರೆದು ಸುಮ್ಮನಾಗುವುದು ವಿಶ್ಲೇಷಣೆಯಲ್ಲ.

ಚುನಾವಣಾ ರಾಜಕಾರಣದಲ್ಲಿ ಮತ್ತೊಂದು ತೊಡಕಿದೆ. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ನೆರೆಯ ಆಂಧ್ರಪ್ರದೇಶದಲ್ಲಿ ಪರಿಶಿಷ್ಟ ಪಂಗಡ. ಸಂಡೂರು ವಿಧಾನಸಭಾ ಕ್ಷೇತ್ರವು 2008ರಿಂದ ಪರಿಶಿಷ್ಟ ಪಂಗಡಕ್ಕೆ ಮೀಸಲಾದುದರಿಂದ ಇಲ್ಲಿನ ತಾಂಡಾದವರು ಅಲ್ಲಿ ಮತ ಹಾಕಬಹುದು, ಸ್ಪರ್ಧಿಸುವಂತಿಲ್ಲ. ಬುಡಕಟ್ಟಿನ ನಾಯಕತ್ವ ದುರ್ಬಲವಾಯಿತೆಂದು ಬರೆಯುವವರು ಈ ವರ್ಗೀಕರಣದ ಪಾತ್ರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ನಸಾಬನ್ನು ಆದರ್ಶೀಕರಿಸುವವರ ವಾದಕ್ಕಿರುವ ದೊಡ್ಡ ಅಡ್ಡಿಯೆಂದರೆ ಮಹಿಳೆ. ಪರಂಪರೆಯ ನಸಾಬಿನಲ್ಲಿ ಆಕೆಗೆ ಸ್ಥಾನವಿರಲಿಲ್ಲ. ಪಂಚಾಯತಿಯ ಮೀಸಲಾತಿ ಆಕೆಗೆ ಕುರ್ಚಿಯನ್ನು ಕೊಟ್ಟಿತು. ಕುರ್ಚಿಯ ಹಿಂದೆ ಗಂಡನೋ ಮಗನೋ ನಿಲ್ಲುವುದೂ ಉಂಟು. ಇವೆರಡಕ್ಕಿಂತ ಭಿನ್ನವಾದ ದಾರಿಯೊಂದು ಸಂಡೂರಿನಲ್ಲಿಯೇ ಕಾಣಸಿಗುತ್ತದೆ. ಇಲ್ಲಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಂಸ್ಕೃತಿ ಸಭೆಯ ಸಂದರ್ಭದಲ್ಲಿ, ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಸಿದ್ಧಪಡಿಸಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಇಷ್ಟು ಜನರ ದುಡಿಮೆಯನ್ನು ಒಂದುಗೂಡಿಸಿದ ಶಕ್ತಿ ನಾಯಕನದೂ ಅಲ್ಲ, ಪಂಚಾಯತಿ ಸದಸ್ಯೆಯದೂ ಅಲ್ಲ. ಇಂಥದನ್ನು ಕರಕುಶಲದ ಅಧ್ಯಾಯಕ್ಕೆ ಸೇರಿಸಿ, ನಾಯಕತ್ವದ ಅಧ್ಯಾಯವನ್ನು ಗಂಡಸರಿಗೇ ಬಿಟ್ಟುಕೊಡುವ ಅಧ್ಯಯನಗಳು ನಸಾಬಿನ ಹೊರಗೆ ನಿಂತವಳನ್ನು ಮತ್ತೆ ಅಲ್ಲಿಯೇ ನಿಲ್ಲಿಸುತ್ತವೆ.