ಕಂಡದ್ದೆಲ್ಲ ಚರಿತ್ರೆಯಲ್ಲ

ನಾವಿರುವ ಸಾಸವಡಕ್ಕೆ ಪುರಂದರ ಕೋಟೆ ದೂರವಲ್ಲ. 1665ರ ಜೂನ್ ತಿಂಗಳಲ್ಲಿ ಶಿವಾಜಿ ಮಹಾರಾಜರು ಮಿರ್ಜಾ ರಾಜಾ ಜಯಸಿಂಹನೊಡನೆ ಒಪ್ಪಂದ ಮಾಡಿಕೊಂಡು 23 ಕೋಟೆಗಳನ್ನು ಮೊಗಲರಿಗೆ ಬಿಟ್ಟುಕೊಟ್ಟದ್ದು ಇಲ್ಲಿಯೇ. ಮೊನ್ನೆ ಮೊಮ್ಮಗ ಆ ಭೇಟಿಯ ದೃಶ್ಯವನ್ನು ಮೊಬೈಲಿನಲ್ಲಿ ತೋರಿಸಿದ. ಕೃತಕ ಬುದ್ಧಿಮತ್ತೆಯಿಂದ ಕಟ್ಟಿದ್ದು. ಡೇರೆ, ಕುದುರೆ, ಮಾತುಕತೆ, ಯಾವುದಕ್ಕೂ ಕೊರತೆಯಿಲ್ಲ. “ಅಜ್ಜಾ, ಹೀಗೇ ನಡೆಯಿತಾ?” ಎಂದು ಕೇಳಿದ.

ದೃಶ್ಯ ಅಂದವಾಗಿಯೇ ಇದೆ. ಆದರೆ ಅದರಲ್ಲಿ ಎಲ್ಲಿಯೂ ಅನುಮಾನಕ್ಕೆ ಎಡೆಯಿಲ್ಲ. ಅದೇ ಅದರ ದೋಷ. ಈ ಭೇಟಿಯ ವಿವರ ನಮಗೆ ದೊರೆಯುವುದು ಜಯಸಿಂಹನ ಪಾರ್ಸಿ ಪತ್ರಗಳಂಥ ಬರಹಗಳಿಂದ. ಗೆದ್ದ ಸೇನಾನಿ ತನ್ನ ಬಾದಶಹನಿಗೆ ಬರೆದದ್ದನ್ನು ಇತಿಹಾಸಕಾರ ತೂಗಿ ನೋಡಿ ಒಪ್ಪುತ್ತಾನೆ. ಪರದೆಯಾದರೋ ತಿಳಿಯದ ಕಡೆಯಲ್ಲೂ ಬಣ್ಣ ತುಂಬುತ್ತದೆ.

ಮೋಸವೇನೂ ಹೊಸದಲ್ಲ. ಸುಳ್ಳು ತಾಮ್ರಪಟ ಕೊರೆಸಿದವರು ನಮ್ಮಲ್ಲೂ ಇದ್ದರು. ವಿದ್ವಾಂಸರು ಅವನ್ನು ಕೂಟಶಾಸನ ಎನ್ನುತ್ತಾರೆ. ಗಂಗರ ಹೆಸರಿನ ಎಷ್ಟೋ ತಾಮ್ರಪಟಗಳು ಖೋಟಾ ಎಂದು ಫ್ಲೀಟರು ಲಿಪಿ, ತಿಥಿ, ವಾರಗಳನ್ನು ತಾಳೆ ನೋಡಿ ವಾದಿಸಿದರು. ರೈಸರು ಅದನ್ನು ಒಪ್ಪಲಿಲ್ಲ. ಹಾಗೆ ವಾದಿಸಲು ಇಬ್ಬರ ಮುಂದೆಯೂ ತಾಮ್ರಪಟವಿತ್ತು.

ಮೊಬೈಲಿನ ಚಿತ್ರಕ್ಕೆ ತವರೇ ಇರುವುದಿಲ್ಲ. ಕೆಲವು ವರ್ಷಗಳ ಹಿಂದೆ ‘ಟಿಪ್ಪು ಸುಲ್ತಾನನ ನಿಜವಾದ ಫೋಟೋ’ ಎಂಬುದೊಂದು ಕೈಯಿಂದ ಕೈಗೆ ಹರಿದಾಡಿತು. ಅದು ಜಂಜಿಬಾರಿನ ಗುಲಾಮ ವ್ಯಾಪಾರಿ ಟಿಪ್ಪು ಟಿಪ್ ಎಂಬವನದು. ಸುಲ್ತಾನ ಶ್ರೀರಂಗಪಟ್ಟಣದಲ್ಲಿ ಮಡಿದದ್ದು 1799ರಲ್ಲಿ. ಫೋಟೋ ತೆಗೆಯುವ ವಿದ್ಯೆ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ಈ ಎರಡು ಇಸವಿ ತಿಳಿದಿದ್ದರೆ ಯಾರೂ ಮೋಸಹೋಗುತ್ತಿರಲಿಲ್ಲ.

ಸುಳ್ಳನ್ನು ನಂಬುವುದಕ್ಕಿಂತ ದೊಡ್ಡ ಅಪಾಯ ನಿಜವನ್ನು ನಂಬದಿರುವುದು. ನಮ್ಮೂರ ಗುಡಿಯ ಮುಂದಿನ ವೀರಗಲ್ಲಿನ ಚಿತ್ರ ತೋರಿಸಿದಾಗ ಮೊಮ್ಮಗ, “ಇದೂ ಕಂಪ್ಯೂಟರಿನಲ್ಲಿ ಮಾಡಿದ್ದಾ?” ಎಂದ. ನನಗೆ ಮಾತು ಹೊರಡಲಿಲ್ಲ. ಊರಿನ ಮಕ್ಕಳು ಆ ಕಲ್ಲಿಗೆ ಒರಗಿ ಆಡುತ್ತಾರೆ. ಹೊರನಾಡಿನ ನಮ್ಮ ಮಕ್ಕಳಿಗೆ ಕನ್ನಡನಾಡಿನ ಚರಿತ್ರೆ ದೊರೆಯುವುದೇ ಚಿತ್ರಗಳ ಮೂಲಕ. ಅವುಗಳ ಮೇಲಿನ ನಂಬಿಕೆ ಹೋದರೆ ಅವರ ಪಾಲಿಗೆ ಉಳಿಯುವುದೇನು?

ಚಿತ್ರ ನೋಡಬೇಡಿ ಎಂದು ಮಕ್ಕಳಿಗೆ ಹೇಳಿ ಫಲವಿಲ್ಲ. ಇದು ಎಲ್ಲಿಯದು, ಯಾರು ಮಾಡಿದ್ದು, ಯಾವಾಗಿನದು ಎಂದು ಕೇಳುವುದನ್ನು ಮನೆಯಲ್ಲೇ ಕಲಿಸೋಣ. ಮೊಮ್ಮಗನಿಗೆ, “ಹೀಗೇ ನಡೆಯಿತೆಂದು ಯಾರೂ ಹೇಳಲಾರರು, ಮಗೂ” ಎಂದಿದ್ದೇನೆ. ಬೇಸಿಗೆ ರಜೆಗೆ ಅವನನ್ನು ಊರಿಗೆ ಕರೆದೊಯ್ಯಬೇಕು. ಆ ವೀರಗಲ್ಲನ್ನು ಅವನು ಕೈಯಿಂದ ಮುಟ್ಟಿ ನೋಡಲಿ.