ಅರವಟ್ಟಿಗೆಯ ತಣ್ಣೀರು

ಬಳ್ಳಾರಿಯಲ್ಲಿ ರಾಯದುರ್ಗದ ಬಸ್ಸು ಹತ್ತಿದರೆ ಡಿ. ಹಿರೇಹಾಳ್ ಬರುವಷ್ಟರಲ್ಲಿ ಬಾಯಿ ಒಣಗಿರುತ್ತದೆ. ಯುಗಾದಿ ಕಳೆದ ಮೇಲಂತೂ ಹೇಳುವುದೇ ಬೇಡ. ಬಿಸಿಲು 40 ಡಿಗ್ರಿ ದಾಟುತ್ತದೆ, ಗಾಳಿ ಒಲೆಯ ಬಾಯಿಂದ ಬಂದಂತೆ ಮುಖಕ್ಕೆ ಬಡಿಯುತ್ತದೆ. ಆಗ ಈ ಸೀಮೆಯ ದಾರಿಬದಿಯಲ್ಲಿ, ನಾಲ್ಕು ಗಳ ನೆಟ್ಟು ಗರಿ ಹೊದಿಸಿದ ಚಪ್ಪರದಡಿ ಎರಡು ಮಣ್ಣಿನ ಗಡಿಗೆ ಕಂಡರೆ ಜೀವಕ್ಕೆ ಜೀವ ಬಂದಂತೆ. ಅದೇ ಅರವಟ್ಟಿಗೆ.

ಕನ್ನಡದವರಿಗೆ ಅರವಟ್ಟಿಗೆ, ತೆಲುಗಿನವರಿಗೆ ಚಲಿವೇಂದ್ರಂ. ನಮ್ಮ ಹಳೆಯ ಶಾಸನಗಳು ಇದನ್ನು ಅರವಂಟಿಗೆ ಎಂದು ಕರೆದಿವೆ. ಭಾಷೆಯ ಲೆಕ್ಕದಲ್ಲಿ ಗಡಿ ಎಳೆದಾಗ, 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು, ಅದೇ ಜಿಲ್ಲೆಯಲ್ಲಿದ್ದ ರಾಯದುರ್ಗ ತಾಲ್ಲೂಕು ಆಂಧ್ರಕ್ಕೆ ಹೋಯಿತು. ಗಡಿಗೆಯ ಹತ್ತಿರ ಕೂತವರು ಮಾತ್ರ ಬಂದವರ ಭಾಷೆ ಕೇಳುವುದಿಲ್ಲ. ಬಾಯಾರಿದವನು ಮಾತಾಡುವ ಮೊದಲೇ ಬೊಗಸೆ ಒಡ್ಡಿರುತ್ತಾನೆ.

ನೀರು ಹನಿಸುವ ಆ ಕೈಯನ್ನು ನೋಡುತ್ತ ನಿಲ್ಲಬೇಕು. ಮೊದಲು ಸಣ್ಣ ಧಾರೆ, ಕೈ ತೊಳೆದುಕೊಳ್ಳಲಿ ಅಂತ. ಕುಡಿಯುವವನು ಬಗ್ಗಿ ಬೊಗಸೆಯನ್ನು ತುಟಿಗೆ ಹಚ್ಚಿದ ಮೇಲೆ ಚೆಂಬು ಇನ್ನಷ್ಟು ಓರೆಯಾಗುತ್ತದೆ. ಹನಿಸುವ ಅವ್ವನ ಕಣ್ಣು ಚೆಂಬಿನ ಮೇಲಿರುವುದಿಲ್ಲ, ಕುಡಿಯುವವನ ಗಂಟಲ ಮೇಲಿರುತ್ತದೆ. ಗುಟುಕು ಬಿರುಸಾದರೆ ಧಾರೆ ದಪ್ಪ, ಉಸಿರು ತೆಗೆದುಕೊಂಡರೆ ತೆಳ್ಳಗೆ. ‘ಸಾಕಾ ತಾತ?’ ‘ಇನ್ನೊಂದಿಷ್ಟು ಹಾಕವ್ವ.’ ಸಾಕೆಂದು ತಲೆ ಎತ್ತುವ ಹೊತ್ತಿಗೆ ಗಡ್ಡ, ಮೊಣಕೈ ಎಲ್ಲ ಒದ್ದೆ. ಕಾಲ ಬಳಿ ಚೆಲ್ಲಿದ ನೀರಿಗೆ ಗುಬ್ಬಿಗಳು ಕಾದಿರುತ್ತವೆ. ಸರಪಳಿ ಕಟ್ಟಿದ ಸ್ಟೀಲ್ ಲೋಟವೂ ದಾಹ ತೀರಿಸುತ್ತದೆ, ಆದರೆ ನನ್ನ ಗಂಟಲನ್ನು ಯಾರೋ ಗಮನಿಸುತ್ತಿದ್ದಾರೆ ಎಂಬ ಸುಖ ಅದರಲ್ಲಿಲ್ಲ.

ಒಂದು ನೋವನ್ನೂ ಹೇಳಬೇಕು. ಮೇಲಿಂದ ನೀರು ಹೊಯ್ಯುವ ಇದೇ ರೀತಿ ಒಂದು ಕಾಲಕ್ಕೆ ಕೆಲವರನ್ನು ದೂರ ಇಡುವ ಉಪಾಯವೂ ಆಗಿತ್ತು. ಚೆಂಬು ಎಲ್ಲರ ಕೈಗೂ ಸಿಗುವ ಕಡೆ ಮಾತ್ರ ಅದು ಅರವಟ್ಟಿಗೆ.

ಇನ್ನು ಗಡಿಗೆಯ ನೀರಿನ ಆ ತಂಪು. ಹೊಸ ಗಡಿಗೆಯನ್ನು ನೀರು ತುಂಬಿ ನೆನೆಯಿಟ್ಟು, ಆ ನೀರು ಚೆಲ್ಲಿ, ಒದ್ದೆ ಮರಳಿನ ಮೇಲೆ ಕೂರಿಸಿ ಗೋಣಿತಟ್ಟು ಸುತ್ತುತ್ತಾರೆ. ಮಣ್ಣಿನ ಸಣ್ಣ ರಂಧ್ರಗಳಿಂದ ನೀರು ಜಿನುಗಿ ಆವಿಯಾಗುತ್ತದೆ. ಒಂದು ಗ್ರಾಂ ನೀರು ಆವಿಯಾದರೆ ಸುಮಾರು 580 ಕ್ಯಾಲೊರಿ ಶಾಖ ಒಯ್ಯುತ್ತದೆ. ಗಾಳಿ ಒಣಗಿದಷ್ಟೂ ಈ ಕೆಲಸ ಚುರುಕು. ಕರಾವಳಿಯ ಬೆವರಿಳಿಸುವ ಗಾಳಿಯಲ್ಲಿ ಗಡಿಗೆ ಇಷ್ಟು ತಣ್ಣಗಾಗುವುದಿಲ್ಲ. ವರ್ಷಕ್ಕೆ 550 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ, ರಾಯದುರ್ಗವೂ ಸೇರಿದ ಅನಂತಪುರ ಜಿಲ್ಲೆಯ ನೆಲದಲ್ಲಿ, ಗಂಟಲು ಒಣಗಿಸುವ ಗಾಳಿಯೇ ಗಡಿಗೆಯನ್ನು ತಂಪು ಮಾಡುತ್ತದೆ. ಫ್ರಿಜ್ಜಿನ ನೀರು ಹಲ್ಲು ಜುಮ್ಮೆನ್ನಿಸುತ್ತದೆ. ಗಡಿಗೆಯದು ಮೊದಲ ಮಳೆಯ ವಾಸನೆ ಹೊತ್ತು ಮೆಲ್ಲಗೆ ಎದೆಗಿಳಿಯುತ್ತದೆ.

ನೀರಿನ ಉಪ್ಪು ಕಟ್ಟಿ ರಂಧ್ರ ಮುಚ್ಚಿಕೊಂಡರೆ ಹಳೆಯ ಗಡಿಗೆ ತಣ್ಣಗಾಗುವುದಿಲ್ಲ. ಬರುವ ಶಿವರಾತ್ರಿಗೆ ಕುಂಬಾರರ ಹತ್ತಿರ ಹೊಸದೊಂದನ್ನು ಕೊಂಡು, ನಿಮ್ಮ ಬಾಗಿಲ ಮುಂದೆ ನೆರಳಿದ್ದರೆ ಇಡಿ. ಪಕ್ಕದಲ್ಲಿ ಒಂದು ಚೆಂಬು, ದನಕರುಗಳಿಗೆ ಒಂದು ಬಾನಿ.