ಸೆರೆಮನೆಯ ಕಲೆಗೆ ಒರೆಗಲ್ಲು ಯಾವುದು?

ಕಲೆಯಿಂದ ಕೀರ್ತಿವಂತನಾದವನೊಬ್ಬನು ತನ್ನ ಕಲೆಯನ್ನು ಸೆರೆಮನೆಗೆ ಕೊಂಡೊಯ್ದನೆಂದು ಕೇಳಿದೊಡನೆ ಲೋಕವು ತಲೆದೂಗುತ್ತದೆ. ತಲೆದೂಗುವುದು ಸಜ್ಜನಿಕೆಯೇ ಸರಿ. ಆದರೆ ಅದು ವಿಮರ್ಶೆಯಲ್ಲ. ಅಲ್ಲಿಯ ಹಾಡು ಹಾಡಾಯಿತೆ, ನಾಟಕವು ನಾಟಕವಾಯಿತೆ ಎಂದು ಕೇಳುವವರು ವಿರಳ. ಹಾಗೆ ಕೇಳಿದರೆ ನಿಷ್ಕರುಣಿಗಳೆನಿಸೇವೆಂಬ ಅಳುಕು. ಕೇಳದಿರುವುದೇ ನಿಷ್ಕರುಣೆಯೆಂಬುದು ಈ ಲೇಖಕನ ಮತ.

ಅಮೆರಿಕದ ಜನಪ್ರಿಯ ಗಾಯಕ ಜಾನಿ ಕ್ಯಾಶನು, ಮಾದಕದ್ರವ್ಯಗಳ ದಾಸ್ಯದಿಂದ ಮೇಲೇಳುತ್ತಿದ್ದ ಕಾಲದಲ್ಲಿ, 1968ನೆಯ ಜನವರಿ 13ರಂದು ಕ್ಯಾಲಿಫೋರ್ನಿಯದ ಫೋಲ್ಸಮ್ ಸೆರೆಮನೆಯಲ್ಲಿ ಹಾಡಿದನು. ಅದರ ಧ್ವನಿಮುದ್ರಿಕೆಯಿಂದ ಅವನ ಕುಂದಿದ್ದ ಕೀರ್ತಿಯು ಮರಳಿ ಬಂದಿತು. ಕೊಲೆಯನ್ನು ಹೇಳುವ ಒಂದು ಚರಣಕ್ಕೆ ಸೆರೆಯಾಳುಗಳು ಹರ್ಷಘೋಷ ಮಾಡುವುದು ಅದರಲ್ಲಿ ಕೇಳಿಬರುತ್ತದೆ. ಆದರೆ ಆ ಘೋಷವನ್ನು ಅಲ್ಲಿಗೆ ಜೋಡಿಸಿದ್ದು ತರುವಾಯ, ಮುದ್ರಿಕೆಯನ್ನು ಸಿದ್ಧಪಡಿಸಿದವರು! ಸೆರೆಯಾಳು ಕೊಲೆಗೆ ನಲಿಯತಕ್ಕವನೆಂದು ಹೊರಗಿನವರೇ ಕಲ್ಪಿಸಿದರು.

ಅದೇ ದಿನ ಕ್ಯಾಶನು, ಅಲ್ಲಿಯೇ ಸೆರೆಯಲ್ಲಿದ್ದ ಗ್ಲೆನ್ ಶರ್ಲಿಯು ರಚಿಸಿದ ಗೀತವೊಂದನ್ನೂ ಹಾಡಿದನು. 1971ರಲ್ಲಿ ಶರ್ಲಿಯು ಬಿಡುಗಡೆಯಾದಾಗ ಅವನನ್ನು ತನ್ನ ಮೇಳಕ್ಕೆ ಸೇರಿಸಿಕೊಂಡನು. ಮರುವರ್ಷ ಸೆರೆಮನೆಗಳ ಸುಧಾರಣೆಗಾಗಿ ತನ್ನ ದೇಶದ ಸೆನೆಟ್ಟಿನ ಮುಂದೆ ಸಾಕ್ಷ್ಯ ನುಡಿದನು. ಸದುದ್ದೇಶಕ್ಕೆ ಕೊರತೆಯಿರಲಿಲ್ಲ. ಆದರೂ ಶರ್ಲಿಗೆ ಹೊರಗಿನ ಬಾಳು ಒಗ್ಗಲಿಲ್ಲ; ಅವನು ಮೇಳವನ್ನು ಅಗಲಿ, 1978ರಲ್ಲಿ ಆತ್ಮಹತ್ಯೆ ಮಾಡಿಕೊಂಡನು. ಚಪ್ಪಾಳೆಯು ಬಿಡುಗಡೆಯಲ್ಲವೆಂಬುದಕ್ಕೆ ಇದಕ್ಕಿಂತ ಕಠೋರವಾದ ದೃಷ್ಟಾಂತವುಂಟೆ?

ನಮ್ಮ ನಾಡಿನಲ್ಲಿ, ಮೈಸೂರಿನ ರಂಗಾಯಣದ ನಟರಾಗಿದ್ದ ಶ್ರೀ ಹುಲುಗಪ್ಪ ಕಟ್ಟಿಮನಿಯವರು ಹಿಡಿದ ದಾರಿಯು ಬೇರೆ. ಸೆರೆಯಾಳುಗಳೆದುರು ತಾವು ಅಭಿನಯಿಸಿ ಹಿಂದಿರುಗಲಿಲ್ಲ, ಅವರನ್ನೇ ನಟರನ್ನಾಗಿಸಿದರು. ‘ಸಂಕಲ್ಪ’ ತಂಡದ ಮೂಲಕ ಮೈಸೂರಿನ ಸೆರೆಯಾಳುಗಳು ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕದ ಕನ್ನಡ ರೂಪವಾದ ಎಚ್. ಎಸ್. ಶಿವಪ್ರಕಾಶರ ‘ಮಾರನಾಯಕ’ವನ್ನೂ, ಗಿರೀಶ ಕಾರ್ನಾಡರ ‘ತಲೆದಂಡ’ವನ್ನೂ ಆಡಿದರು, ಪೊಲೀಸರ ಕಾವಲಿನಲ್ಲಿ ಹೊರಗಿನ ರಂಗಮಂದಿರಗಳಿಗೂ ಬಂದರು.

‘ತಲೆದಂಡ’ವು ನಮ್ಮ ಜಿಲ್ಲೆಯ ಕಲ್ಯಾಣದ ಕಥೆ, ನಮಗೆ ಮನೆಯ ಮಾತು. ಅದರಲ್ಲಿ ಬಿಜ್ಜಳನನ್ನು ಕೊಲ್ಲುವ ಜಗದೇವನ ಪಾತ್ರವನ್ನು, ಕೊಲೆಗಾಗಿಯೇ ಶಿಕ್ಷೆ ಹೊತ್ತವನೊಬ್ಬನು ಧರಿಸಿದನೆಂದು ಭಾವಿಸಿರಿ. ಪ್ರೇಕ್ಷಕನು “ಅಯ್ಯೋ, ಇವನು ನಿಜವಾದ ಕೊಲೆಗಾರನು!” ಎಂದು ಕೌತುಕಪಟ್ಟನೋ, ಅಲ್ಲಿಗೆ ರಸಭಂಗವಾಯಿತು. ಭಟ್ಟನಾಯಕನೂ ಅಭಿನವಗುಪ್ತನೂ ಹೇಳಿದ ಸಾಧಾರಣೀಕರಣವು ಕೈಗೂಡಬೇಕಾದರೆ, ಆ ಕೃತ್ಯವು ನಟನದೂ ಆಗಿರದೆ ನೋಡುವವನದೂ ಆಗಿರದೆ ಮನುಷ್ಯಮಾತ್ರದ ದುರಂತವಾಗಿ ತೋರಬೇಕು. ಆ ಕ್ಷಣದಲ್ಲಿ ನಟನು ತನ್ನ ಹೆಸರಿಗಂಟಿದ ಅಪರಾಧದಿಂದ ಬಿಡುಗಡೆ ಹೊಂದುತ್ತಾನೆ. ಕನಿಕರವಾದರೋ ಅವನನ್ನು ಮತ್ತೆ ಅದಕ್ಕೇ ಕಟ್ಟಿಹಾಕುತ್ತದೆ. ಆದುದರಿಂದ ಸೆರೆಯಾಳುಗಳ ನಾಟಕಕ್ಕೂ ಒರೆಗಲ್ಲು ರಸವೇ, ಬೇರೊಂದಿಲ್ಲ.

ಈ ಮಾತನ್ನು ಲೇಖಕನು ಶಾಸ್ತ್ರದಿಂದ ಮಾತ್ರ ಕಲಿತವನಲ್ಲ. ಭಾಲ್ಕಿಯಲ್ಲಿ ಉಪಾಧ್ಯಾಯನಾಗಿದ್ದಾಗ, ಔರಾದ ಕಡೆಯ ಹಳ್ಳಿಯೊಂದರ ಭಜನೆಗೆ ಹೋಗಿದ್ದೆನು. ಶಿಕ್ಷೆ ಮುಗಿಸಿ ಬಂದವನೊಬ್ಬನು ತಾಳ ಹಿಡಿದು ಕುಳಿತಿದ್ದನು. ಅವನ ತಾಳವು ಜಾರಿದಾಗ ಎಲ್ಲರೂ ಕೇಳಿಯೂ ಕೇಳದಂತಿದ್ದರು. ಮುಂದಾಳು ಮುದುಕರು ಮಾತ್ರ ಹಾಡನ್ನು ನಿಲ್ಲಿಸಿ, “ತಾಳ ತಪ್ಪಿತು ನೋಡಪ್ಪಾ, ಮತ್ತೊಮ್ಮೆ ಹಿಡಿ” ಎಂದರು. ಭಜನೆ ಮುಗಿದ ಮೇಲೆ ಅವನು ನನ್ನ ಬಳಿಗೆ ಬಂದು, “ಮಾಸ್ತರ್, ಊರಿಗಿ ಬಂದ ಮ್ಯಾಲ ನನ್ನ ತಪ್ಪು ತಿದ್ದಿದವರು ಇವರೊಬ್ಬರೇ ನೋಡ್ರಿ. ಉಳಿದವರು ಬರೀ ನೋಡತಾರ” ಎಂದನು. ಅವನ ಕಣ್ಣು ತೇವವಾಗಿತ್ತು.

ಕಟ್ಟಿಮನಿಯವರ ಉದ್ಯಮದ ಹಿರಿಮೆಯೂ ಇಲ್ಲಿಯೇ ಇದೆ. ತಾಲೀಮೆಂದರೆ ದಿನವೂ ತಪ್ಪುವುದು, ದಿನವೂ ತಿದ್ದಿಸಿಕೊಳ್ಳುವುದು. ಸೆರೆಯಾಳಿನ ತಪ್ಪನ್ನು ಲೋಕವು ಒಮ್ಮೆ ಎಣಿಸಿ ಮುಗಿಸುತ್ತದೆ. ಗುರುವು ತಿದ್ದಿ ಮುಂದಿನ ಮಾತನ್ನು ಹೇಳಿಕೊಡುತ್ತಾನೆ.

ಅಂಥ ತಂಡವು ಮುಂದೆಂದಾದರೂ ಬೀದರಿನ ರಂಗಮಂದಿರಕ್ಕೆ ಬಂದಲ್ಲಿ, ಭಾಲ್ಕಿ ಔರಾದಗಳಿಂದಲೂ ಸಹೃದಯರು ಬರಲಿ. ಗುಣವಿದ್ದಲ್ಲಿ ಮೆಚ್ಚಲಿ, ಮಾತು ತೊದಲಿದಲ್ಲಿ ತೊದಲಿತೆಂದು ಈ ಪತ್ರಿಕೆಯಲ್ಲಿಯೇ ಬರೆಯಲಿ. ಆ ನಟರಿಗೆ ನಾವು ಸಲ್ಲಿಸಬಹುದಾದ ಮರ್ಯಾದೆಯು ಅದೇ.